69, 79, 89: ಹಿಂದಿ ಎಣಿಕೆ ತಲೆಗೆ ಹತ್ತದಿದ್ದರೆ

ಪುಟ್ಟಿ, ಮಗ ಹಿಂದಿ ಎಣಿಕೆಯಲ್ಲಿ 69, 79, 89 ಕಲಸಿಬಿಡುತ್ತಾನೆ, ಎಷ್ಟು ಗದರಿದರೂ ಅಷ್ಟೇ ಅಂತ ಹಾಕಿದ್ದೀಯಲ್ಲ. ದಯವಿಟ್ಟು ಗದರಬೇಡ ಕಣೇ. ಮನೆಯಲ್ಲಿ ಹಿಂದಿಯೇ ಆಡುವ ಮಕ್ಕಳೂ ಅಲ್ಲೇ ಎಡವುತ್ತಾರೆ.

ನಮ್ಮಲ್ಲಿ ಇಪ್ಪತ್ತು ಗೊತ್ತಿದ್ದರೆ ಇಪ್ಪತ್ತೊಂದು, ಇಪ್ಪತ್ತೆರಡು ತಾನಾಗೇ ಬರುತ್ತೆ. ಹತ್ತು ಮೊದಲು, ಬಿಡಿ ಆಮೇಲೆ. ಅಲ್ಲಿ ಉಲ್ಟಾ. ಇಕ್ಕೀಸ್‌ನಲ್ಲಿ ಒಂದು ಮೊದಲು, ಇಪ್ಪತ್ತು ಆಮೇಲೆ. ಜೊತೆಗೆ ಎರಡೂ ಬೆಸೆದುಕೊಂಡು ಸವೆದುಹೋಗಿವೆ. ಬರೀ ಐದನ್ನೇ ನೋಡು: 25 ಪಚ್ಚೀಸ್, 35 ಪೈಂತೀಸ್, 55 ಪಚಪನ್, 65 ಪೈಂಸಠ್, 75 ಪಚಹತ್ತರ್. ಮಗು ಪಾಪ ಯಾವುದನ್ನು ಹಿಡಿಯಬೇಕು? ಮರಾಠಿ, ಗುಜರಾತಿ, ಬಂಗಾಳಿ ಎಲ್ಲಾ ಕಡೆ ಇದೇ ಪಾಡು. ಮಹಾರಾಷ್ಟ್ರದಲ್ಲಿ 2019ರಲ್ಲಿ ಎರಡನೇ ಕ್ಲಾಸಿನ ಮಕ್ಕಳಿಗೆ 21ಕ್ಕೆ ಏಕವೀಸ್ ಬದಲು 'ವೀಸ್ ಏಕ್', ಅಂದರೆ ಇಪ್ಪತ್ತು ಒಂದು ಅಂತ ಕಲಿಸಲು ಹೊರಟಾಗ ದೊಡ್ಡ ಗಲಾಟೆಯೇ ಆಯಿತು. ನನಗಂತೂ ಅದು ಸರಿ ಅನ್ನಿಸಿತು.

ಈಗ ನಿನ್ನ ಮಗನ ವಿಷಯ. 'ಉನ್' ಅಂದರೆ ಒಂದು ಕಮ್ಮಿ, ನಮ್ಮ 'ಊನ' ಇದೆಯಲ್ಲ, ಅದೇ. ಉನ್ತೀಸ್, ಮೂವತ್ತಕ್ಕೆ ಒಂದು ಕಮ್ಮಿ, 29. ಉನ್ಹತ್ತರ್, ಎಪ್ಪತ್ತಕ್ಕೆ ಒಂದು ಕಮ್ಮಿ, 69. ಉನಾಸೀ 79. ಅದರಲ್ಲಿ ಎಂಬತ್ತರ 'ಅಸ್ಸೀ' ಕಿವಿಗೆ ಬಿದ್ದ ಕೂಡಲೇ ಮಗು 89 ಅಂತ ಬರೆದುಬಿಡುತ್ತೆ. ಆದರೆ 89ಕ್ಕೆ ಈ ಲೆಕ್ಕ ಇಲ್ಲ. ಅದು ನವಾಸೀ, ಒಂಬತ್ತು ಮತ್ತು ಎಂಬತ್ತು. 99 ನಿನ್ಯಾನ್ವೇ ಕೂಡ ಹಾಗೇ. 19ರಿಂದ 79ರವರೆಗಿನ ಒಂಬತ್ತುಗಳನ್ನು ಒಂದು ಸಾಲಲ್ಲಿ ಬರೆಸು, ಇವೆರಡನ್ನು ಬೇರೆ ಬರೆಸು. ನೂರರವರೆಗೆ ಸುಮ್ನೆ ಬಾಯಿಪಾಠ ಮಾಡಿಸೋದಕ್ಕಿಂತ ಇದು ಎಷ್ಟೋ ವಾಸಿ.

ತರಕಾರಿಯವನು ಢಾಯೀ ಸೌ ಅಂದ, ಹಾಗಂದ್ರೆ ಎಷ್ಟು ಅಂತ ನೀನು ಕೇಳಿದ್ದೆಯಲ್ಲ. 250 ಅದು. ಸವಾ ಸೌ 125, ಡೇಢ್ ಸೌ 150, ಪೌನೇ ದೋ ಸೌ 175. 350ಕ್ಕೆ ಸಾಢೇ ತೀನ್ ಸೌ. ಒಂದೂವರೆ, ಎರಡೂವರೆಗೆ ಮಾತ್ರ ಸಾಢೇ ಹಾಕೋದಿಲ್ಲ, ಡೇಢ್, ಢಾಯೀ ಅಂತ ಅವಕ್ಕೆ ಬೇರೆ ಹೆಸರೇ ಇದೆ. ಮೊದಲೆಲ್ಲಾ ಹಿಂದಿ ಸೀಮೆಯ ಶಾಲೆಗಳಲ್ಲಿ ಇವುಗಳ ಮಗ್ಗಿಯನ್ನೂ ಹೇಳಿಸುತ್ತಿದ್ದರು, ಕಾಲು, ಮುಕ್ಕಾಲು ಎಲ್ಲಾ ಸೇರಿಸಿ. ಸಂತೆ ಲೆಕ್ಕಕ್ಕೆ ಬೇಕಿದ್ದದ್ದೇ ಅದು, ಅಲ್ವಾ? ನೀನೂ ಮೊದಲು ಇವನ್ನೇ ಕಲಿ. ದಿನಾ ಬೇಕಾಗುತ್ತೆ.

ಹಾಂ, ಅಳಿಯಂದಿರಿಗೆ ಕೋಲ್ಕತ್ತಾಗೆ ವರ್ಗ ಆಗಬಹುದು ಅಂದೆಯಲ್ಲ. ಅಲ್ಲಿ ಬಸ್ಸಿನ ಮೇಲೆ ಬಂಗಾಳಿ ಅಂಕಿ ಇದ್ದರೆ ಹುಷಾರಾಗಿರಲು ಹೇಳು. ಅವರ ನಾಲ್ಕು ಥೇಟ್ ಇಂಗ್ಲಿಷಿನ 8ರ ಹಾಗೆ ಕಾಣುತ್ತೆ, ಏಳು 9ರ ಹಾಗೆ. ಹತ್ತುವ ಮುಂಚೆ ಕಂಡಕ್ಟರನ್ನು ಒಂದು ಮಾತು ಕೇಳಲಿ.