ನಾಳೆ ನಮ್ಮ ಗುಂಡನ್ನ ಕಳಿಸ್ಬೇಕು, ಮಗಳಿಗೆ ಹೇಗೆ ಹೇಳೋದು?

ಗುಂಡನಮ್ಮ (ಮೈಸೂರು)
ನಮ್ಮನೆ ಗಿನಿಪಿಗ್ ಗುಂಡಂಗೆ ಆರೂವರೆ ವರ್ಷ. ದವಡೆ ಹಲ್ಲು ಬೆಳೆದು ನಾಲಿಗೆ ಮೇಲೆ ಬಂದ್ಬಿಟ್ಟಿದೆ, ಎರಡ್ ಸಲ ಅನಸ್ತೇಸಿಯಾ ಕೊಟ್ಟು ಉಜ್ಜಿಸಿದ್ವಿ, ಈಗ ಕಿಡ್ನೀನೂ ಹೋಗಿದೆ ಇನ್ನೊಂದ್ಸಲ ತಡ್ಕೊಳಲ್ಲ ಅಂದ್ರು ಡಾಕ್ಟ್ರು. 1,100 ಗ್ರಾಂ ಇದ್ದೋನು ಈಗ 690. ಮೂರು ವಾರದಿಂದ ಸಿರಿಂಜಲ್ಲೇ ತಿನ್ನಿಸ್ತಿದೀನಿ, ಮೊನ್ನೆಯಿಂದ ಅದನ್ನೂ ಬಾಯಿಂದ ಆಚೆ ಬಿಡ್ತಿದಾನೆ. ಕೊತ್ತಂಬರಿ ಕವರ್ ಸದ್ದಾದ್ರೆ ಸಾಕು, ವೀಕ್ ವೀಕ್ ಅಂತ ಪಕ್ಕದ್ಮನೆಗೆ ಕೇಳೋ ಹಾಗೆ ಕೂಗೋನು, ಇವತ್ತು ಕವರ್ ಬಿಚ್ಚಿದಾಗ ತಲೆ ಎತ್ತಿ ನೋಡ್ದ ಅಷ್ಟೆ. ನಾಳೆ ಮಧ್ಯಾಹ್ನ ನೋವಿಲ್ದೆ ಪ್ರಾಣ ಹೋಗೋ ಇಂಜೆಕ್ಷನ್ ಕೊಡ್ಸೋದು ಅಂತ ಮಾಡಿದೀವಿ. ಮಗಳಿಗೆ ಎಂಟು ವರ್ಷ, ಬುದ್ಧಿ ಬಂದಾಗಿಂದ ಇವನ ಜೊತೆಗೇ ಬೆಳೆದೋಳು, ಹೇಳ್ಬೇಕಾ ಇಲ್ಲಾ ಸ್ಕೂಲಿಗೆ ಹೋದಾಗ ಮುಗಿಸ್ಬಿಡ್ಬೇಕಾ? ಗುಂಡನ ಜೊತೆಗಾತಿ ಗಿನಿಪಿಗ್ ಚಿನ್ನಿ ಬೇರೆ ಇದಾಳೆ. ನಾನು ತಪ್ಪು ಮಾಡ್ತಿದೀನಾ ಅನ್ನೋದೇ ತಲೇಲಿ ಓಡ್ತಿದೆ.

ಗರಿಕೆಹುಲ್ಲು
ದಯವಿಟ್ಟು ಹೇಳಿ. ನಾವು ಮಗನಿಗೆ "ಡಾಕ್ಟ್ರು ಮಲಗ್ಸಿದ್ರು" ಅಂದ್ಬಿಟ್ವಿ, ಆಮೇಲೆ ಎಷ್ಟೋ ದಿನ ರಾತ್ರಿ ಮಲಗೋಕೇ ಹೆದರ್ತಿದ್ದ, ನನ್ ಕೈ ಬಿಡ್ತಿರ್ಲಿಲ್ಲ. ಮಲಗ್ತಾನೆ, ಊರಿಗೆ ಹೋದ ಅಂತೆಲ್ಲ ಬೇಡ, ಸತ್ತೋಗ್ತಾನೆ ಮತ್ತೆ ಬರಲ್ಲ ಅಂತಾನೇ ಹೇಳಿ ಜೊತೆಗೆ ಕೂತು ಅಳಿ. ಯಾವ ಬಟ್ಟೇಲಿ ಸುತ್ತೋದು, ಎಲ್ಲಿ ಮಣ್ಣು ಮಾಡೋದು ಅಂತ ಅವಳನ್ನೇ ಕೇಳಿ. ಒಂದು ಇಲಿಗೆ ಇಷ್ಟೆಲ್ಲಾನಾ ಅನ್ನೋರು ಇದ್ದೇ ಇರ್ತಾರೆ, ಅವರ ಮಾತು ಅವಳ ಕಿವಿಗೆ ಬೀಳೋದು ಬೇಡ.

ಬೀದರ್‌ಹುಡುಗ
ಅಕ್ಕಾರ, ನಾ ವೆಟರ್ನರಿ ಓದ್ಲಿಕ್ಕತ್ತೀನಿ. ನೀವೇನು ತಪ್ಪ ಮಾಡ್ಲಿಕ್ಕತ್ತಿಲ್ರಿ. ಇವು ಬ್ಯಾರೆ ಪ್ರಾಣಿ ಬಾಯಿಗೆ ಬೀಳೋ ಜಾತಿ, ಅದಕ್ಕ ನೋವು ಮುಚ್ಚಿಡ್ತಾವ, ನಮಗ ಕಾಣೋ ಹೊತ್ತಿಗೆ ಭಾಳ ಮುಂದ ಹೋಗಿರ್ತದ. ಕೂದಲ ನಿಗರಿಸಿ ಮುದ್ದಿಯಾಗಿ ಕುಂದ್ರೋದು, ಹಲ್ಲ ಕಡಿಯೋದು ಕಂಡ್ರ ನೋವು ಅದ ಅಂತನ ತಿಳೀರಿ. ಒಂದ ದಿನ ಪೂರ್ತಿ ತಿನ್ಲಿಲ್ಲಂದ್ರ ಕರಳು ನಿಂತು ಗ್ಯಾಸ್ ತುಂಬತದ, ಆ ಸಾವು ಭಾಳ ಕಷ್ಟದ್ದು. ಮೊದಲ ಎಚ್ಚರ ತಪ್ಪಸ್ರಿ, ಆಮ್ಯಾಲ ಎರಡನೇ ಇಂಜೆಕ್ಷನ್ ಕೊಡ್ರಿ ಅಂತ ಡಾಕ್ಟರಿಗೆ ಬಾಯಿಬಿಟ್ಟು ಕೇಳ್ರಿ. ಹೋದ ಮ್ಯಾಲೂ ಕಣ್ಣು ತೆರದ ಇರ್ತಾವ, ಮಗಳಿಗೆ ಮುಂಚೆನ ಹೇಳಿಡ್ರಿ. ಔಷಧ ಮೈಯಾಗ ಉಳೀತದ, ನಾಯಿ ಹದ್ದು ತಿಂದ್ರ ಅವಕ್ಕೂ ಅಪಾಯ, ಮೂರು ಅಡಿ ತೆಗದು ಮ್ಯಾಲ ಕಲ್ಲು ಇಡ್ರಿ.

ಎರಡ್‌ಪುಟಾಣಿ
ಚಿನ್ನಿಗೂ ಅವನನ್ನ ತೋರ್ಸಿ. ಗೂಡಲ್ಲಿ ಸ್ವಲ್ಪ ಹೊತ್ತು ಇಟ್ಬಿಡಿ, ಮೂಸ್ತಾಳೆ, ಕೆಲವು ಮೂಗಲ್ಲಿ ತಳ್ಳಿ ಎಬ್ಬಿಸೋಕೆ ನೋಡ್ತವೆ, ನೋಡೋಕಾಗಲ್ಲ ಆದ್ರೂ ತಡೀಬೇಡಿ. ನಮ್ಮನೇದು ಜೊತೆಯದನ್ನ ನೋಡ್ದೇನೇ ಕಳ್ಕೊಂಡು ನಾಲ್ಕು ದಿನ ಬಾಗಿಲ ಹತ್ರಾನೇ ಕೂತಿತ್ತು. ಆಮೇಲೆ ಅಡುಗೆಮನೆ ತಕ್ಕಡೀಲಿ ದಿನಾ ತೂಕ ನೋಡಿ, ಹಿಕ್ಕೆ ಕಮ್ಮಿಯಾದ್ರೆ ತಕ್ಷಣ ತೋರ್ಸಿ. ಒಂಟಿಯಾಗಿ ಮಾತ್ರ ಬಿಡ್ಬೇಡಿ, ಸ್ವಿಟ್ಜರ್ಲ್ಯಾಂಡಲ್ಲಿ ಗಿನಿಪಿಗ್ ಒಂದನ್ನೇ ಸಾಕೋ ಹಾಗಿಲ್ಲ ಅಂತ 2008ರಿಂದ ಕಾನೂನೇ ಇದೆ. ಹೊಸದು ತಂದ್ರೆ ಎರಡು ಮೂರು ವಾರ ಬೇರೆ ರೂಮಲ್ಲಿಡಿ.

ಗುಂಡನಮ್ಮ
ಮುಗೀತು. ಬೆಳಿಗ್ಗೆನೇ ಹೇಳ್ದೆ, ಸ್ಕೂಲಿಗೆ ಹೋಗಲ್ಲ ಅಂದ್ಳು, ಹೂಂ ಅಂದೆ. ಮೊದಲನೇ ಇಂಜೆಕ್ಷನ್ ಆದ್ಮೇಲೆ ಅವಳ ತೊಡೆ ಮೇಲೇನೇ ಮಲಗಿದ್ದ, ಕಿವಿ ಹಿಂದೆ ಕೂದಲಿಲ್ಲದ ಜಾಗ ಇರುತ್ತಲ್ಲ ಅಲ್ಲಿ ಸವರ್ತಾನೇ ಇದ್ಳು. ಅವಳ ಹಳೇ ಯೂನಿಫಾರ್ಮ್ ಶರ್ಟಲ್ಲಿ ಸುತ್ತಿ ಕರಿಬೇವಿನ ಗಿಡದ ಪಕ್ಕ ಇಟ್ವಿ, ನಮ್ಮನೆಯವರು ಮೂರಡಿ ತೋಡಿದ್ರು. ಚಿನ್ನಿ ಅವನ ಕುತ್ತಿಗೇಲಿ ಮೂತಿ ಇಟ್ಕೊಂಡು ಕಾಲು ಗಂಟೆ ಕೂತಿದ್ಳು, ಆಮೇಲೆ ಅವಳಾಗೇ ಹೋಗಿ ಹುಲ್ಲು ತಿಂದ್ಳು. ಕೊತ್ತಂಬರಿ ಕಟ್ಟು ಇನ್ನೂ ಫ್ರಿಜ್ಜಲ್ಲೇ ಇದೆ, ಸಂಜೆ ಮಗಳು ಅದರಲ್ಲಿ ಅರ್ಧ ಚಿನ್ನಿಗೆ ಹಾಕಿ ಇನ್ನರ್ಧ ಆ ಕಲ್ಲಿನ ಮೇಲೆ ಇಟ್ಟು ಬಂದ್ಳು.