ಎಲ್1ಎ1 ರೈಫಲ್‌ನ ಗ್ಯಾಸ್ ರೆಗ್ಯುಲೇಟರ್ ಹೊಂದಿಸುವುದು ಹೇಗೆ? – ಪ್ರಶ್ನೋತ್ತರ

ಪ್ರಶ್ನೆ:

ನಮಸ್ಕಾರ. ಹಳೆಯ ಸೇನಾ ರೈಫಲ್‌ಗಳ ದುರಸ್ತಿಯಲ್ಲಿ ತೊಡಗಿರುವ ತಮ್ಮಿಂದ ಒಂದು ವಿಷಯ ತಿಳಿಯಬೇಕಾಗಿದೆ. ನನ್ನ ಬಳಿ ಪರವಾನಗಿಯುಳ್ಳ ಎಲ್1ಎ1 ರೈಫಲ್ ಇದೆ. ಇದು ಬೆಲ್ಜಿಯಂನ ಎಫ್‌ಎನ್ ಫಾಲ್ ರೈಫಲ್‌ನ ಬ್ರಿಟಿಷ್ ಮಾದರಿ. ಸೈನಿಕರು ಎಸ್‌ಎಲ್‌ಆರ್ (ಸೆಲ್ಫ್ ಲೋಡಿಂಗ್ ರೈಫಲ್) ಎಂದು ಕರೆಯುತ್ತಿದ್ದದ್ದು. ಫಾಲ್ ರೈಫಲ್‌ಗಾಗಿ ಬರೆದ ಒಂದು ಸೂಚನೆಯಂತೆ ನಾನು ರೆಗ್ಯುಲೇಟರನ್ನು (ರೈಫಲ್ ನಡೆಸುವ ಗ್ಯಾಸನ್ನು ಹೆಚ್ಚು ಕಡಿಮೆ ಮಾಡುವ ಉಂಗುರ) ಪೂರ್ತಿ ತೆರೆದು, ಮ್ಯಾಗಜೀನ್‌ನಲ್ಲಿ ಒಂದೇ ಕಾಡತೂಸು ಇಟ್ಟು ಹಾರಿಸಿ, ಬೋಲ್ಟ್ (ಬ್ಯಾರೆಲ್‌ನ ಹಿಂತುದಿಯನ್ನು ಮುಚ್ಚುವ ಭಾಗ) ತಾನಾಗಿ ಹಿಂದೆ ನಿಲ್ಲುವವರೆಗೆ ಒಂದೊಂದೇ ಕ್ಲಿಕ್ ಮುಚ್ಚುತ್ತ ಬಂದೆ. ಈಗ ಅದು ಪೂರ್ತಿ ಮುಚ್ಚಿದೆ, ಆದರೂ ಬೋಲ್ಟ್ ಹಿಂದೆ ನಿಲ್ಲುತ್ತಿಲ್ಲ. ಹಾರಿದ ಕಾಡತೂಸುಗಳ ಖಾಲಿ ಕೇಸ್‌ಗಳು ಬಹಳ ದೂರ ಚಿಮ್ಮುತ್ತಿವೆ, ಅವುಗಳ ಬಾಯಿ ಜಜ್ಜಿಹೋಗಿರುತ್ತದೆ, ಹಿಂಭಾಗದ ಅಂಚಿನ, ಅಂದರೆ ರಿಮ್‌ನ, ಮೇಲೆ ಕಿತ್ತುಬಂದಂತಹ ಗುರುತುಗಳು ಕಾಣುತ್ತಿವೆ. ಒಮ್ಮೊಮ್ಮೆ ಕೇಸ್ ಚೇಂಬರ್‌ನಲ್ಲೇ (ಬ್ಯಾರೆಲ್‌ನಲ್ಲಿ ಕಾಡತೂಸು ಕೂರುವ ಜಾಗ) ಸಿಕ್ಕಿಕೊಳ್ಳುತ್ತದೆ. ಗ್ಯಾಸ್ ಸಾಲುತ್ತಿಲ್ಲ, ಬ್ಯಾರೆಲ್‌ನಲ್ಲಿರುವ ಗ್ಯಾಸ್ ರಂಧ್ರವನ್ನು ಡ್ರಿಲ್ ಹಾಕಿಸಿ ಹಿಗ್ಗಿಸಬೇಕು ಎಂದು ಪರಿಚಿತರೊಬ್ಬರು ಹೇಳುತ್ತಿದ್ದಾರೆ. ಹಾಗೆ ಮಾಡಬಹುದೇ?

ಉತ್ತರ:

ನಮಸ್ಕಾರ. ಮೊದಲಿಗೆ, ದಯವಿಟ್ಟು ಡ್ರಿಲ್ ಹಾಕಿಸಬೇಡಿ. ನೀವು ವಿವರಿಸಿದ ಲಕ್ಷಣಗಳಲ್ಲಿ ಒಂದೂ ಗ್ಯಾಸ್ ಕೊರತೆಯದಲ್ಲ; ಎಲ್ಲವೂ ಗ್ಯಾಸ್ ಅತಿಯಾದುದರ ಲಕ್ಷಣಗಳು. ಹಿಗ್ಗಿಸಿದ ರಂಧ್ರವನ್ನು ಮತ್ತೆ ಕಿರಿದು ಮಾಡಲಾಗುವುದಿಲ್ಲ, ಅಂತಹ ಬ್ಯಾರೆಲ್ ಮುಂದೆ ಯಾವ ಹೊಂದಾಣಿಕೆಗೂ ಬಗ್ಗುವುದಿಲ್ಲ.

ಬೋಲ್ಟ್ ಹಿಂದೆ ನಿಲ್ಲದಿರುವುದಕ್ಕೆ ಕಾರಣ ಬೇರೆಯೇ ಇದೆ. ಮೂಲ ಫಾಲ್ ರೈಫಲ್‌ನಲ್ಲಿ ಮ್ಯಾಗಜೀನ್ ಖಾಲಿಯಾದಾಗ ಅದರೊಳಗಿನ ತಟ್ಟೆ ಹೋಲ್ಡ್ ಓಪನ್ ಎಂಬ ಸಣ್ಣ ಭಾಗವನ್ನು ಮೇಲಕ್ಕೆತ್ತುತ್ತದೆ, ಅದು ಬೋಲ್ಟನ್ನು ಹಿಂದೆ ತಡೆದು ನಿಲ್ಲಿಸುತ್ತದೆ. ಬ್ರಿಟಿಷ್ ಮತ್ತು ಆಸ್ಟ್ರೇಲಿಯನ್ ಸೇನೆಗಳ ಎಲ್1ಎ1ನಲ್ಲಿ ಈ ಸ್ವಯಂಚಾಲಿತ ಕ್ರಿಯೆಯನ್ನು ಬೇಕೆಂದೇ ತೆಗೆದುಹಾಕಲಾಗಿತ್ತು. ಅಲ್ಲಿ ಬೋಲ್ಟನ್ನು ಕೈಯಿಂದ ಎಳೆದು, ಕೈಯಿಂದಲೇ ಆ ಭಾಗವನ್ನು ಒತ್ತಿ ನಿಲ್ಲಿಸಬೇಕು. ಆದ್ದರಿಂದ ಫಾಲ್‌ಗೆ ಬರೆದ ಆ ಪರೀಕ್ಷೆ ನಿಮ್ಮ ರೈಫಲ್‌ಗೆ ಹೊಂದುವುದಿಲ್ಲ: ಎಷ್ಟು ಗ್ಯಾಸ್ ಕೊಟ್ಟರೂ ಅದು ತಾನಾಗಿ ನಿಲ್ಲುವಂತಿಲ್ಲ. ಕೆಲವು ಮಾಲೀಕರು ಈ ಭಾಗವನ್ನು ಫಾಲ್‌ನದಕ್ಕೆ ಬದಲಾಯಿಸಿಕೊಂಡಿರುತ್ತಾರೆ, ಹಾಗಾಗಿ ಊಹಿಸದೆ ಪರೀಕ್ಷಿಸಿ ನೋಡುವುದು ಒಳ್ಳೆಯದು. ಚೇಂಬರ್‌ನಲ್ಲಿ ಏನೂ ಇಲ್ಲವೆಂದು ಕಣ್ಣಿನಿಂದಲೂ ಬೆರಳಿನಿಂದಲೂ ಖಚಿತಪಡಿಸಿಕೊಂಡು, ಖಾಲಿ ಮ್ಯಾಗಜೀನ್ ಸೇರಿಸಿ, ಬೋಲ್ಟ್ ಎಳೆಯುವ ಹಿಡಿಯನ್ನು ಪೂರ್ತಿ ಹಿಂದಕ್ಕೆ ಎಳೆದು ಬಿಡಿ. ಬೋಲ್ಟ್ ಮುಂದಕ್ಕೆ ಬಂದು ಕುಳಿತರೆ ಆ ಪರೀಕ್ಷೆಯನ್ನು ಅಲ್ಲಿಗೇ ಕೈಬಿಡಿ.

ಈಗ ಈ ಗ್ಯಾಸ್ ವ್ಯವಸ್ಥೆ ಕೆಲಸ ಮಾಡುವ ಬಗೆಯನ್ನು ತಿಳಿದುಕೊಂಡರೆ ಮುಂದಿನದು ಸುಲಭವಾಗುತ್ತದೆ. ಫಾಲ್ ರೈಫಲ್ ಎಫ್‌ಎನ್ ಕಾರ್ಖಾನೆಯ ದ್ಯೂದೊನೆ ಸೈವ್ ಅವರ ವಿನ್ಯಾಸ. 1950ರ ದಶಕದಲ್ಲಿ ಬ್ರಿಟನ್ ಇದನ್ನು ಎಲ್1ಎ1 ಎಂಬ ಹೆಸರಿನಲ್ಲಿ, ಟ್ರಿಗರ್‌ನ ಒಂದು ಎಳೆತಕ್ಕೆ ಒಂದೇ ಗುಂಡು ಹಾರುವಂತೆ ಸ್ವೀಕರಿಸಿತು. ಮರಳುಗಾಡು, ಮಳೆಕಾಡು, ಹಿಮ ಎಲ್ಲೆಡೆಯೂ, ಬೇರೆ ಬೇರೆ ದೇಶಗಳು ತಯಾರಿಸಿದ 7.62×51 ಮಿ.ಮೀ. ಕಾಡತೂಸುಗಳಿಂದಲೂ ಒಂದೇ ರೈಫಲ್ ನಡೆಯಬೇಕಿತ್ತು. 1982ರ ಫಾಕ್‌ಲೆಂಡ್ಸ್ ಯುದ್ಧದಲ್ಲಂತೂ ಎರಡೂ ಕಡೆಯ ಸೈನಿಕರು ಈ ಒಂದೇ ಕುಟುಂಬದ ರೈಫಲ್ ಹಿಡಿದಿದ್ದರು. ಇಷ್ಟು ವ್ಯತ್ಯಾಸಗಳನ್ನು ತಾಳಿಕೊಳ್ಳಲೆಂದೇ ರೆಗ್ಯುಲೇಟರ್ ಇಡಲಾಗಿದೆ. ಕೆಟ್ಟ ಭಾಗವೊಂದರ ದೋಷವನ್ನು ಮರೆಮಾಚುವುದಕ್ಕಲ್ಲ.

ಗುಂಡು ಬ್ಯಾರೆಲ್‌ನ ರಂಧ್ರವನ್ನು ದಾಟುತ್ತಿದ್ದಂತೆ ಸ್ವಲ್ಪ ಗ್ಯಾಸ್ ಮೇಲಿನ ಗ್ಯಾಸ್ ಬ್ಲಾಕ್‌ಗೆ ಏರುತ್ತದೆ. ಅಲ್ಲಿ ಅದರ ಒಂದು ಪಾಲು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ, ಉಳಿದದ್ದು ಹೊರಗಿನ ಇನ್ನೊಂದು ರಂಧ್ರದಿಂದ ಗಾಳಿಗೆ ಹೋಗುತ್ತದೆ. ನೀವು ತಿರುಗಿಸುವ ಉಂಗುರ ಮುಚ್ಚುವುದು ಈ ಹೊರರಂಧ್ರವನ್ನು. ಅಂದರೆ ಉಂಗುರವನ್ನು ಮುಚ್ಚಿದಷ್ಟೂ ಪಿಸ್ಟನ್‌ಗೆ ಬಲ ಹೆಚ್ಚು, ತೆರೆದಷ್ಟೂ ಕಡಿಮೆ. ಪಿಸ್ಟನ್ ಸ್ವಲ್ಪವೇ ದೂರ ಚಲಿಸಿ, ಬೋಲ್ಟನ್ನು ಹೊತ್ತು ಸಾಗುವ ಬೋಲ್ಟ್ ಕ್ಯಾರಿಯರ್‌ಗೆ ಗುದ್ದಿ, ತನ್ನ ಸ್ಪ್ರಿಂಗ್‌ನಿಂದ ಮುಂದಕ್ಕೆ ಮರಳುತ್ತದೆ. ಕ್ಯಾರಿಯರ್ ಸ್ವಲ್ಪ ದೂರ ಒಂಟಿಯಾಗಿ ಸರಿದ ಮೇಲಷ್ಟೇ ಬೋಲ್ಟ್‌ನ ಹಿಂಭಾಗವನ್ನು ಎತ್ತಿ ಬೀಗ ಬಿಡಿಸುತ್ತದೆ. ಈ ವಿಳಂಬದಲ್ಲೇ ಬ್ಯಾರೆಲ್‌ನ ಒತ್ತಡ ಇಳಿಯಬೇಕು, ಚೇಂಬರ್‌ನ ಗೋಡೆಗೆ ಅಂಟಿದ ಹಿತ್ತಾಳೆಯ ಕೇಸ್ ಸಡಿಲಗೊಳ್ಳಬೇಕು.

ನಿಮ್ಮ ರೈಫಲ್‌ನಲ್ಲಿ ನಡೆಯುತ್ತಿರುವುದನ್ನು ಇಲ್ಲಿ ಸ್ಪಷ್ಟವಾಗಿ ಕಾಣಬಹುದು. ಗ್ಯಾಸ್ ಅತಿಯಾದಾಗ ಕ್ಯಾರಿಯರ್ ವೇಗವಾಗಿ ಸರಿದು, ಕೇಸ್ ಇನ್ನೂ ಗೋಡೆಯನ್ನು ಹಿಡಿದಿರುವಾಗಲೇ ಬೀಗ ಬಿಡುತ್ತದೆ. ಕೇಸನ್ನು ಹೊರಗೆಳೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆ ರಿಮ್ಮನ್ನು ಎಳೆಯುತ್ತದೆ, ಕೇಸ್ ಬರುವುದಿಲ್ಲ, ರಿಮ್ ಕಿತ್ತುಬರುತ್ತದೆ ಇಲ್ಲವೇ ಕೊಕ್ಕೆ ಜಾರುತ್ತದೆ. ಕೇಸ್ ಒಳಗೇ ಉಳಿದದ್ದನ್ನು ನೋಡಿದವರು ಬಲ ಸಾಲಲಿಲ್ಲವೆಂದು ಇನ್ನಷ್ಟು ಮುಚ್ಚುತ್ತಾರೆ, ತೊಂದರೆ ಇನ್ನಷ್ಟು ಹೆಚ್ಚುತ್ತದೆ. ಗ್ಯಾಸ್ ಹೊಂದಿಸುವ ಕೆಲಸದಲ್ಲಿ ಇದಕ್ಕಿಂತ ದಾರಿ ತಪ್ಪಿಸುವ ಲಕ್ಷಣ ಮತ್ತೊಂದಿಲ್ಲ ಎಂದೇ ನನ್ನ ಅಭಿಪ್ರಾಯ. ಸಿಕ್ಕಿಕೊಂಡ ಕೇಸ್‌ನ ರಿಮ್ಮನ್ನು ನೋಡಿಯೇ ತೀರ್ಮಾನಿಸಬೇಕು: ಗಾಯವಿದ್ದರೆ ಗ್ಯಾಸ್ ಕಡಿಮೆ ಮಾಡಿ, ಚೇಂಬರ್ ಶುಚಿಯಾಗಿದೆಯೇ ಎಂದೂ ನೋಡಿ. ರಿಮ್ ಸ್ವಚ್ಛವಾಗಿದ್ದು ಕೇಸ್ ಅರ್ಧ ಹೊರಬಂದು ಬೋಲ್ಟ್‌ಗೆ ಸಿಕ್ಕಿ ನಿಂತಿದ್ದರೆ, ಅಥವಾ ಕೇಸ್ ಹೊರಬಿದ್ದರೂ ಮುಂದಿನ ಕಾಡತೂಸನ್ನು ಬೋಲ್ಟ್ ಎತ್ತಿಕೊಳ್ಳದಿದ್ದರೆ, ಆಗ ಮಾತ್ರ ಬಲ ಸಾಲುತ್ತಿಲ್ಲ ಎನ್ನಬಹುದು.

ಹಾರಿಸುವ ಮೊದಲು ಕೆಲವು ತಪಾಸಣೆಗಳು ಅಗತ್ಯ. ಗ್ಯಾಸ್ ಬ್ಲಾಕ್‌ನ ಮುಂತುದಿಯನ್ನು ಮುಚ್ಚುವ ಗ್ಯಾಸ್ ಪ್ಲಗ್, ಪಿಸ್ಟನ್ ಮತ್ತು ಅದರ ಸ್ಪ್ರಿಂಗನ್ನು ಹೊರತೆಗೆಯಿರಿ. ಪ್ಲಗ್ ಸ್ಪ್ರಿಂಗ್‌ನ ಒತ್ತಡದಲ್ಲಿರುವುದರಿಂದ ಅದನ್ನು ಬಿಚ್ಚುವಾಗ ಮುಖ ಎದುರಿಗಿರಬಾರದು. ಸ್ಪ್ರಿಂಗ್ ಇಲ್ಲದ ಪಿಸ್ಟನ್ನನ್ನು ಮತ್ತೆ ಕೊಳವೆಗೆ ಹಾಕಿ ರೈಫಲನ್ನು ಹಿಂದೆ ಮುಂದೆ ವಾಲಿಸಿದರೆ ಅದು ತನ್ನ ತೂಕದಿಂದಲೇ ಜಾರಬೇಕು. ಎಲ್ಲಾದರೂ ತಡೆದರೆ ಪಿಸ್ಟನ್ ಬಾಗಿದೆ, ಇಂಗಾಲ ಕಟ್ಟಿದೆ, ಅಥವಾ ಕೊಳವೆ ನೇರವಾಗಿ ಕೂತಿಲ್ಲ. ಕೊಳವೆಯೂ ಗ್ಯಾಸ್ ಬ್ಲಾಕ್ ಕೂಡ ಅಲುಗಾಡಬಾರದು. ಅಲುಗಾಡಿದರೆ ಅಲ್ಲಿ ಸೋರುವ ಗ್ಯಾಸನ್ನು ಯಾವ ರೆಗ್ಯುಲೇಟರೂ ತುಂಬಿಕೊಡುವುದಿಲ್ಲ. ಇಂಗಾಲವನ್ನು ದ್ರಾವಕದಿಂದ ತೆಗೆದು ಭಾಗಗಳನ್ನು ಒಣಗಿಸಿಯೇ ಜೋಡಿಸಿ. ಪಿಸ್ಟನ್‌ಗೆ ಎಣ್ಣೆ ಹಚ್ಚುವ ಅಭ್ಯಾಸ ಬಹಳ ಜನರಿಗಿದೆ. ಅಲ್ಲಿ ಎಣ್ಣೆ ಸುಟ್ಟು ಗಟ್ಟಿಯಾದ ಕಿಟ್ಟವಾಗುತ್ತದೆ, ಹಚ್ಚಬೇಡಿ. ಗ್ರೆನೇಡ್ ಉಡಾಯಿಸುವ ಸ್ಥಾನವಿರುವ ಪ್ಲಗ್ ಆಗಿದ್ದರೆ ಅದು ಸಾಮಾನ್ಯ ಸ್ಥಾನದಲ್ಲೇ ಕೂತಿರಬೇಕು, ಇಲ್ಲದಿದ್ದರೆ ಪಿಸ್ಟನ್‌ಗೆ ಗ್ಯಾಸೇ ತಲುಪದೆ ಪ್ರತಿಸಲವೂ ಕೈಯಿಂದ ಎಳೆಯಬೇಕಾಗುತ್ತದೆ.

ಇನ್ನೆರಡು ಮಾತು. ಹಿಂಬದಿಯ ಹಿಡಿಕಟ್ಟಿನೊಳಗೆ ಒಂದರೊಳಗೊಂದು ಕೂತ ಎರಡು ರಿಕಾಯಿಲ್ ಸ್ಪ್ರಿಂಗ್‌ಗಳಿರುತ್ತವೆ (ಕ್ಯಾರಿಯರನ್ನು ಮತ್ತೆ ಮುಂದಕ್ಕೆ ತಳ್ಳುವಂಥವು). ಅವು ಸೋತಿದ್ದರೆ ಗ್ಯಾಸ್ ಸರಿಯಿದ್ದರೂ ಕ್ಯಾರಿಯರ್ ಹಿಂದಕ್ಕೆ ಬಡಿಯುತ್ತದೆ. ಹಳೆಯ ರೈಫಲ್ ಆದ್ದರಿಂದ ಹೊಸ ಸ್ಪ್ರಿಂಗ್ ಹಾಕಿಸುವುದೇ ಲೇಸು. ರಿಮ್ ಕಿತ್ತಿರುವುದರಿಂದ ಹೆಡ್‌ಸ್ಪೇಸನ್ನೂ (ಬೀಗ ಬಿದ್ದ ಬೋಲ್ಟ್‌ನ ಮುಖದ ಮುಂದೆ ಕಾಡತೂಸಿಗೆ ಉಳಿಯುವ ಜಾಗದ ಅಳತೆ) ಗೇಜ್ ಇರುವ ತಂತ್ರಜ್ಞರಿಂದ ಅಳೆಯಿಸಿ. ಈ ರೈಫಲ್‌ನಲ್ಲಿ ಆ ಅಳತೆಯನ್ನು ಬೋಲ್ಟ್ ಒರಗುವ ಲಾಕಿಂಗ್ ಶೋಲ್ಡರ್ ಎಂಬ ಉಕ್ಕಿನ ತುಂಡು ನಿರ್ಧರಿಸುತ್ತದೆ. ಅದು ಹಲವು ಅಳತೆಗಳಲ್ಲಿ ಬರುತ್ತದೆ. ಬೇರೆ ಬೇರೆ ರೈಫಲ್‌ಗಳ ಭಾಗಗಳನ್ನು ಸೇರಿಸಿ ಕಟ್ಟಿದ್ದರೆ ಅಳತೆ ತಪ್ಪಿರುವ ಸಾಧ್ಯತೆ ಇದೆ. ಇದು ಸರಿಯಿಲ್ಲದಿದ್ದರೆ ಗ್ಯಾಸ್ ಹೊಂದಿಸುವುದಿರಲಿ, ಹಾರಿಸುವುದನ್ನೇ ನಿಲ್ಲಿಸಬೇಕು.

ಇವೆಲ್ಲ ಸರಿಯಿದ್ದರೆ ಮೈದಾನಕ್ಕೆ ಹೋಗಿ, ಮುಂದೆ ಯಾವ ಕಾಡತೂಸನ್ನು ಬಳಸುವಿರೋ ಅದರಿಂದಲೇ ಹೊಂದಿಸಿ. ಪ್ರತಿಸಲ ಉಂಗುರ ತಿರುಗಿಸುವ ಮೊದಲು ಮ್ಯಾಗಜೀನ್ ತೆಗೆದು, ಚೇಂಬರ್ ಖಾಲಿ ಮಾಡಿ. ನಾಲ್ಕಾರು ಗುಂಡುಗಳ ನಂತರ ಗ್ಯಾಸ್ ಬ್ಲಾಕ್ ಕೈ ಸುಡುವಷ್ಟು ಕಾಯುತ್ತದೆ ಎಂಬುದೂ ನೆನಪಿರಲಿ. ಉಂಗುರದ ಮೇಲಿನ ಅಂಕಿಗಳನ್ನು ನಂಬುವ ಬದಲು ಹೊರರಂಧ್ರವನ್ನೇ ನೋಡಿ, ಅದು ಪೂರ್ತಿ ಕಾಣುವಂತೆ ತೆರೆದು ಆರಂಭಿಸಿ. ಒಂದೇ ಕಾಡತೂಸು ಇಟ್ಟು, ರೈಫಲನ್ನು ಭುಜಕ್ಕೆ ಗಟ್ಟಿಯಾಗಿ ಒತ್ತಿ ಹಾರಿಸಿ. ಕೇಸ್ ಹೊರಬೀಳದಿದ್ದರೆ ಒಂದು ಕ್ಲಿಕ್ ಮುಚ್ಚಿ ಮತ್ತೆ ಹಾರಿಸಿ. ಕೇಸ್ ಸ್ಪಷ್ಟವಾಗಿ ಹೊರಬೀಳತೊಡಗಿದ ಮೇಲೆ ಮ್ಯಾಗಜೀನ್‌ನಲ್ಲಿ ಎರಡು ಕಾಡತೂಸು ಇಡಿ: ಮೊದಲನೆಯದನ್ನು ಹಾರಿಸಿದಾಗ ಎರಡನೆಯದು ತಾನಾಗಿ ಚೇಂಬರ್ ಸೇರಬೇಕು. ಹೋಲ್ಡ್ ಓಪನ್ ಇಲ್ಲದ ರೈಫಲ್‌ನಲ್ಲಿ ಕ್ಯಾರಿಯರ್ ಸಾಕಷ್ಟು ಹಿಂದೆ ಹೋಗುತ್ತಿದೆ ಎಂಬುದಕ್ಕೆ ಇದೇ ಸಾಕ್ಷಿ. ಹಲವು ಸಲ ತಪ್ಪದೆ ಹೀಗಾದ ಮೇಲೆ ಇನ್ನೆರಡು ಕ್ಲಿಕ್ ಮುಚ್ಚಿ. ಈ ಎರಡು ಕ್ಲಿಕ್ ಕೊಳೆ, ಚಳಿ ಮತ್ತು ಕಾಡತೂಸುಗಳ ಸಣ್ಣ ವ್ಯತ್ಯಾಸಕ್ಕೆ ಇಟ್ಟ ಮೀಸಲು. ಕೊನೆಗೆ ತುಂಬಿದ ಮ್ಯಾಗಜೀನ್‌ನಿಂದಲೂ ನೋಡಿ, ಏಕೆಂದರೆ ತುಂಬಿದ್ದಾಗ ಕಾಡತೂಸುಗಳು ಬೋಲ್ಟ್‌ನ ಅಡಿಗೆ ಹೆಚ್ಚು ಒತ್ತಿ ಘರ್ಷಣೆ ಹೆಚ್ಚುತ್ತದೆ. ಕೇಸ್‌ಗಳು ಎರಡು ಮೂರು ಮೀಟರ್ ಆಚೆ, ಹೆಚ್ಚುಕಡಿಮೆ ಒಂದೇ ಕಡೆ ಬೀಳುತ್ತಿದ್ದರೆ ನಿಶ್ಚಿಂತೆಯಿಂದಿರಬಹುದು.

ಮರುಪ್ರಶ್ನೆ (ಅದೇ ಓದುಗರಿಂದ):

ತಾವು ಹೇಳಿದ್ದು ನಿಜ. ಖಾಲಿ ಮ್ಯಾಗಜೀನ್ ಹಾಕಿ ಕೈಯಿಂದ ಎಳೆದರೂ ಬೋಲ್ಟ್ ನಿಲ್ಲಲಿಲ್ಲ. ಇನ್ನೊಂದು ಸಂದೇಹ: ಒಮ್ಮೆ ಹೊಂದಿಸಿದ ಮೇಲೆ ಅದನ್ನು ಹಾಗೆಯೇ ಬಿಡಬಹುದೇ?

ಉತ್ತರ:

ಒಂದೇ ಬಗೆಯ ಕಾಡತೂಸು ಬಳಸುವವರೆಗೆ ಬಿಡಬಹುದು. ಸೇನೆಯ 7.62 ಕಾಡತೂಸಿನ ಗುಂಡು ಸುಮಾರು 9.5 ಗ್ರಾಂ ತೂಗುತ್ತದೆ, ಈ ರೈಫಲ್ ಅದಕ್ಕೇ ಹೊಂದಿಕೊಂಡದ್ದು. ಹೆಚ್ಚು ತೂಕದ ಗುಂಡು ಮತ್ತು ನಿಧಾನವಾಗಿ ಉರಿಯುವ ಮದ್ದು ಇರುವ ಕಾಡತೂಸುಗಳಲ್ಲಿ ಗ್ಯಾಸ್ ರಂಧ್ರದ ಬಳಿ ಒತ್ತಡ ಹೆಚ್ಚಿರುತ್ತದೆ. ಅವನ್ನು ಬಳಸುವುದಾದರೆ ಮತ್ತೆ ಪೂರ್ತಿ ತೆರೆದ ಸ್ಥಿತಿಯಿಂದಲೇ ಆರಂಭಿಸಬೇಕು. ದೀರ್ಘ ಅಭ್ಯಾಸದ ನಡುವೆ ಕೊಳೆ ಕಟ್ಟಿ ರೈಫಲ್ ತಡವರಿಸಿದರೆ ಒಂದು ಕ್ಲಿಕ್ ಮುಚ್ಚಿ ಮುಂದುವರಿಸಬಹುದು, ಆದರೆ ಶುಚಿಗೊಳಿಸಿದ ಮೇಲೆ ಹಿಂದಿನ ಸ್ಥಾನಕ್ಕೆ ತರಲು ಮರೆಯಬೇಡಿ. ಆ ಸ್ಥಾನವನ್ನು ಕಾಡತೂಸಿನ ಹೆಸರಿನೊಂದಿಗೆ ಬರೆದಿಟ್ಟುಕೊಳ್ಳಿ.

ಪ್ರಶ್ನೆ (ಇನ್ನೊಬ್ಬ ಓದುಗರಿಂದ):

ನನ್ನ ಸಂಗ್ರಹದಲ್ಲಿ ಸೋವಿಯತ್ ಸೇನೆಯ ಎಸ್‌ವಿಟಿ-40 ರೈಫಲ್ ಇದೆ. ಮೇಲಿನ ವಿಧಾನ ಅದಕ್ಕೂ ಅನ್ವಯಿಸುತ್ತದೆಯೇ?

ಉತ್ತರ:

ಉದ್ದೇಶ ಒಂದೇ, ಕಡಿಮೆ ಬಲದಿಂದ ಆರಂಭಿಸಿ ಏರುವುದು. ಆದರೆ ಯಂತ್ರ ಬೇರೆ. ಕೆರೆಯ ನೀರನ್ನು ತೂಬಿನಿಂದಲೂ ಅಳೆದು ಬಿಡಬಹುದು, ಕೋಡಿಯಿಂದ ಹೆಚ್ಚಾದದ್ದನ್ನು ಹೊರಹಾಕಿಯೂ ಅಂಕೆಯಲ್ಲಿಡಬಹುದು. ಎಲ್1ಎ1 ಎರಡನೆಯ ಬಗೆಯದು, ತೋಕರೆವ್ ಅವರು ವಿನ್ಯಾಸಗೊಳಿಸಿದ ಎಸ್‌ವಿಟಿ ಮೊದಲನೆಯ ಬಗೆಯದು. ಅದರ ಐದು ಮುಖದ ರೆಗ್ಯುಲೇಟರ್ ಮೇಲೆ 1.1, 1.2, 1.3, 1.5, 1.7 ಎಂಬ ಅಂಕಿಗಳಿವೆ, ಅವು ಗ್ಯಾಸ್ ಒಳಬರುವ ರಂಧ್ರಗಳ ವ್ಯಾಸ, ಮಿಲಿಮೀಟರ್‌ಗಳಲ್ಲಿ. ಆದ್ದರಿಂದ 1.1ರಿಂದ ಆರಂಭಿಸಿ, ರೈಫಲ್ ತಪ್ಪದೆ ನಡೆಯುವ ಅತಿ ಚಿಕ್ಕ ರಂಧ್ರದಲ್ಲೇ ನಿಲ್ಲಿ. ಹಿಂದಿನ ಮಾಲೀಕರು 1.7ರಲ್ಲಿ ಬಿಟ್ಟಿದ್ದರೆ ಅದೇ ಸರಿಯೆಂದು ಭಾವಿಸಿ ಹಾರಿಸಬೇಡಿ.

ಈ ರೈಫಲ್‌ನ ನಿಜವಾದ ಕಷ್ಟ ತುಕ್ಕು. ಹಳೆಯ 7.62×54 ಕಾಡತೂಸುಗಳಲ್ಲಿ ಮದ್ದಿಗೆ ಕಿಡಿ ಹೊತ್ತಿಸುವ ಪ್ರೈಮರ್ ಉರಿದಾಗ ಉಳಿಯುವ ಲವಣ ತೇವವನ್ನು ಹೀರಿಕೊಂಡು ರೆಗ್ಯುಲೇಟರನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಅದು ತಿರುಗದಿದ್ದರೆ ಸುತ್ತಿಗೆಯನ್ನಾಗಲಿ ಸಾಮಾನ್ಯ ಇಕ್ಕಳವನ್ನಾಗಲಿ ಬಳಸದೆ, ತುಕ್ಕು ಬಿಡಿಸುವ ಎಣ್ಣೆಯಲ್ಲಿ ಕೆಲವು ದಿನ ನೆನೆಯಲು ಬಿಟ್ಟು, ಅದರದೇ ಸ್ಪ್ಯಾನರ್‌ನಿಂದ ನಿಧಾನವಾಗಿ ಪ್ರಯತ್ನಿಸಿ. ಅಂತಹ ಕಾಡತೂಸು ಹಾರಿಸಿದ ದಿನವೇ ಬ್ಯಾರೆಲ್ ಮತ್ತು ಗ್ಯಾಸ್ ಭಾಗಗಳನ್ನು ಬಿಸಿನೀರಿನಿಂದ ತೊಳೆದು, ಒಣಗಿಸಿ, ತೆಳುವಾಗಿ ಎಣ್ಣೆ ಸವರಿ ಇಡಿ. ಮುಂದಿನ ಸಲ ಹಾರಿಸುವ ಮೊದಲು ಗ್ಯಾಸ್ ಭಾಗಗಳಿಂದ ಆ ಎಣ್ಣೆಯನ್ನು ಒರೆಸಿ ತೆಗೆಯಿರಿ.