ಸ್ಯಾಡಲ್‌ವರ್ತ್ ಯಾವ ಜಿಲ್ಲೆ? ಬಿಲ್ ಒಂದು ಹೇಳ್ತದೆ, ಮನೆ ಓನರಜ್ಜಿ ಇನ್ನೊಂದು ಹೇಳ್ತಾಳೆ

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:

ಎಲ್ರಿಗೂ ನಮಸ್ಕಾರ. ನನ್ನ ಮಗಳು ಇಂಗ್ಲೆಂಡಲ್ಲಿ ನರ್ಸ್. ಓಲ್ಡ್‌ಹ್ಯಾಮ್ ಪಕ್ಕ ಸ್ಯಾಡಲ್‌ವರ್ತ್ ಸೀಮೆಯ ಅಪ್ಪರ್‌ಮಿಲ್ ಅಂತ ಹಳ್ಳಿ, ಅಲ್ಲಿ ಒಬ್ಬ ಅಜ್ಜಿಯ ಮಹಡಿ ಮನೆಯಲ್ಲಿ ಬಾಡಿಗೆಗಿದ್ದಾಳೆ. ಅಜ್ಜಿಗೆ ಎಂಬತ್ತು ದಾಟಿದೆ. ಶೇಂಗಾ ಚಟ್ನಿಪುಡಿ ಕಳಿಸ್ತೀನಿ, ವಿಳಾಸ ಬರೆದು ಫೋಟೋ ಕಳಿಸು ಅಂದೆ. ಬರೆದಳು: ಅಪ್ಪರ್‌ಮಿಲ್, ಓಲ್ಡ್‌ಹ್ಯಾಮ್, ಗ್ರೇಟರ್ ಮ್ಯಾಂಚೆಸ್ಟರ್. ಅಜ್ಜಿ ಅದನ್ನ ನೋಡಿ, ಪೆನ್ನು ಇಸ್ಕೊಂಡು, ಗ್ರೇಟರ್ ಮ್ಯಾಂಚೆಸ್ಟರ್ ಮೇಲೆ ಗೀಟು ಎಳೆದು ‘ಯಾರ್ಕ್‌ಷೈರ್’ ಅಂತ ಬರೆದಳಂತೆ! ಅಷ್ಟು ಸಾಲದು ಅಂತ ಮೇಜಿನ ಖಾನೆಯಿಂದ 1972ರ ಮನೆ ಕಂದಾಯದ ರಸೀದಿ ತೆಗೆದು ತೋರಿಸಿದ್ದಾಳೆ. ಮೇಲೆ ‘ಸ್ಯಾಡಲ್‌ವರ್ತ್ ಅರ್ಬನ್ ಡಿಸ್ಟ್ರಿಕ್ಟ್ ಕೌನ್ಸಿಲ್’ ಅಂತಿದೆ. ಈಗ ಬರೋ ತೆರಿಗೆ ಬಿಲ್ ಮಾತ್ರ ಓಲ್ಡ್‌ಹ್ಯಾಮಿಂದು.

ಅರ್ಬನ್ ಡಿಸ್ಟ್ರಿಕ್ಟ್ ಅಂದ್ರೆ ನಮ್ಮ ಬೆಂಗಳೂರು ನಗರ ಜಿಲ್ಲೆ ಥರಾನಾ? ಡಿ.ಸಿ. ಇರ್ತಿದ್ರಾ? ಆ ಜಿಲ್ಲೆ ಎಲ್ಲಿ ಹೋಯ್ತು? ಅಜ್ಜಿಗೆ ಯಾಕಷ್ಟು ಸಿಟ್ಟು?

ಹಳೇ ಶಿರಸ್ತೇದಾರ, ಹರಪನಹಳ್ಳಿ:

ಅಕ್ಕಾರ, ಬಿಲ್ಲೂ ಖರೆ, ಅಜ್ಜೀನೂ ಖರೆ. ನಾನು ಕಂದಾಯ ಇಲಾಖ್ಯಾಗ ಮೂವತ್ತೆಂಟು ವರ್ಷ ಬಸ್ತಾ ಕಟ್ಟಿದಾಂವ. ಗಡಿ ಸರಿದ ಸುದ್ದಿ ಅಂದ್ರ ನನಗ ಊಟ ಬ್ಯಾಡ.

ಮೊದಲ ಡಿ.ಸಿ. ಮಾತು ಬಿಡ್ರಿ. ಅಲ್ಲಿ ಡಿಸ್ಟ್ರಿಕ್ಟ್ ಅಂದ್ರ ನಮ್ಮ ಜಿಲ್ಲಾ ಅಲ್ಲ. ನಮ್ಮ ಜಿಲ್ಲಾಕ್ಕ ಹತ್ರ ಬರೋದು ಅವರ ಕೌಂಟಿ. ಅರ್ಬನ್ ಡಿಸ್ಟ್ರಿಕ್ಟ್ ಅದರ ಕೆಳಗಿನ ಮೆಟ್ಟಿಲು, ನಮ್ಮ ಪುರಸಭೆ ಇದ್ದಂಗ. ರೂರಲ್ ಡಿಸ್ಟ್ರಿಕ್ಟ್ ಅಂದ್ರ ಮದ್ರಾಸ್ ಕಾಲದ ತಾಲೂಕು ಬೋರ್ಡ್ ಇದ್ದಂಗ. ಗಟಾರ, ಕಸ, ಬಾಡಿಗಿಗೆ ಕೊಡೋ ಕೌನ್ಸಿಲ್ ಮನಿ ಇವೆಲ್ಲ ಡಿಸ್ಟ್ರಿಕ್ಟಿನ ಪಾಲು. ಸಾಲಿ, ದೊಡ್ಡ ರಸ್ತೆ ಕೌಂಟಿ ಪಾಲು. ನಡಸೋರು ಆರಿಸಿ ಬಂದ ಮೆಂಬರು. ಕಲೆಕ್ಟರ್ ಅನ್ನೋ ಕುರ್ಚಿ ಅಲ್ಲಿ ಇಲ್ಲೇ ಇಲ್ಲ, ಅದನ್ನ ಅವರು ನಮಗ ಅಂತ ಮಾಡಿದ್ದು.

ಈ ಡಿಸ್ಟ್ರಿಕ್ಟುಗಳು ಹುಟ್ಟಿದ್ದು 1894ರ ಕಾಯ್ದೆಯಿಂದ. ಅದರಾಗ ನನಗ ಸೇರಿದ್ದು ಒಂದು: ಮದುವ್ಯಾದ ಹೆಣ್ಮಕ್ಕಳೂ ಇಲ್ಲಿ ವೋಟು ಹಾಕಬಹುದಿತ್ತು, ಚುನಾವಣ್ಯಾಗ ನಿಲ್ಲಬಹುದಿತ್ತು. ಪಾರ್ಲಿಮೆಂಟಿನ ವೋಟಿಗೆ ಅವರು 1918ರ ತನಕ ಕಾಯಬೇಕಾತು. ಗಟಾರದ ವಿಚಾರಕ್ಕ ಹೆಂಗಸರ ಬುದ್ಧಿ ನಡೀತದ, ದೇಶದ ವಿಚಾರಕ್ಕ ನಡೆಯಲ್ಲ ಅಂತ ಲೆಕ್ಕ!

ನಿಮ್ಮ ಅಜ್ಜಿ ಊರಾಗ ಮೊದಲು ಮೂರು ತುಂಡು ಇದ್ದವು: ಸ್ಯಾಡಲ್‌ವರ್ತ್ ರೂರಲ್, ಅಪ್ಪರ್‌ಮಿಲ್ ಅರ್ಬನ್, ಸ್ಪ್ರಿಂಗ್‌ಹೆಡ್ ಅರ್ಬನ್. 1900ರಾಗ ಮೊದಲಿನ ಎರಡೂ ಕೂಡಿ ಸ್ಯಾಡಲ್‌ವರ್ತ್ ಅರ್ಬನ್ ಡಿಸ್ಟ್ರಿಕ್ಟ್ ಆತು, 1937ರಾಗ ಸ್ಪ್ರಿಂಗ್‌ಹೆಡ್ಡೂ ಬಂದು ಸೇರ್ತು. ಮ್ಯಾಲಿನ ಕೌಂಟಿ ಯಾರ್ಕ್‌ಷೈರಿನ ವೆಸ್ಟ್ ರೈಡಿಂಗ್, ಅಂದ್ರ ಪಡುವಲ ಭಾಗ, ಅದರ ಕಚೇರಿ ವೇಕ್‌ಫೀಲ್ಡಿನಾಗ.

ತಂಟೆ ಇರೋದು ನೆಲದಾಗ. ಪೆನ್ನೈನ್ ಗುಡ್ಡದ ಸಾಲು ಐತಲ್ಲ, ಯಾರ್ಕ್‌ಷೈರ್ ಬಹುಪಾಲು ಅದರ ಮೂಡಲಕ್ಕ. ಸ್ಯಾಡಲ್‌ವರ್ತ್ ಮಾತ್ರ ಪಡುವಲಕ್ಕ ಇಳಿದು ಕುಂತೈತಿ. ಅಲ್ಲಿಯ ಟೇಮ್ ಹೊಳಿ ಪಡುವಲಕ್ಕ ಹರಿದು, ಸ್ಟಾಕ್‌ಪೋರ್ಟಿನಾಗ ಗಾಯ್ಟ್ ಕೂಡಿ ಮರ್ಸಿ ಆಗತೈತಿ. ಹೊಳಿ ಹೋದ ಕಡೆ ರಸ್ತೆ, ರಸ್ತೆ ಹೋದ ಕಡೆ ಸಂತಿ. ಗುಡಿ ಕಾರಭಾರ ಮೊದಲಿಂದಲೂ ಪಕ್ಕದ ಕೌಂಟಿ ಲ್ಯಾಂಕಷೈರಿನ ರೋಚ್‌ಡೇಲ್ ಪ್ಯಾರಿಷ್ ಅನ್ನೋ ಚರ್ಚ್ ವಲಯದ್ದು. ಅಂದ್ರ ದೇವರು ಆಕಡೆ, ಕಂದಾಯ ಈಕಡೆ.

ಸ್ಥಳೀಯ ಆಡಳಿತದ 1972ರ ಕಾಯ್ದೆ 1974ರ ಏಪ್ರಿಲ್ 1ಕ್ಕ ಜಾರಿಗೆ ಬಂತು. ಅರ್ಬನ್, ರೂರಲ್ ಅನ್ನೋವೆಲ್ಲ ಒಂದೇ ದಿನ ಮಾಯ. ಓಲ್ಡ್‌ಹ್ಯಾಮ್, ಚಾಡರ್ಟನ್, ಕ್ರಾಂಪ್ಟನ್, ಫೇಲ್ಸ್‌ವರ್ತ್, ಲೀಸ್, ರಾಯ್ಟನ್, ಸ್ಯಾಡಲ್‌ವರ್ತ್ ಏಳನ್ನೂ ಕಲಸಿ ‘ಬರೋ’ ಅನ್ನೋ ಒಂದೇ ಸ್ಥಳೀಯ ಆಡಳಿತ ಮಾಡಿ, ಗ್ರೇಟರ್ ಮ್ಯಾಂಚೆಸ್ಟರಿಗೆ ಹಾಕಿದ್ರು. ಏಳರಾಗ ಆರು ಲ್ಯಾಂಕಷೈರಿನವು. ಯಾರ್ಕ್‌ಷೈರಿನದು ಒಂದೇ. ಅಜ್ಜಿ ಸಿಟ್ಟು ಈಗ ತಿಳೀತಾ? ಇನ್ನೊಂದು ತಮಾಷಿ, ಆ ಗ್ರೇಟರ್ ಮ್ಯಾಂಚೆಸ್ಟರಿನ ಕೌಂಟಿ ಕೌನ್ಸಿಲ್ಲಿಗೂ 1986ರಾಗ ಸರ್ಕಾರನ ಗೀಟು ಎಳೀತು.

ನಮ್ಮೂರಿಗೆ ಬರ್ರಿ. ನಮ್ಮಪ್ಪ ಹುಟ್ಟಿದಾಗ ಹರಪನಹಳ್ಳಿ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲಾ. 1953ರಾಗ ಮೈಸೂರು ರಾಜ್ಯ. 1997ರಾಗ ದಾವಣಗೆರೆ ಜಿಲ್ಲಾ. 371ಜೆ ಸವಲತ್ತು ತಪ್ಪಿತು ಅಂತ ಹೋರಾಟ ಆಗಿ, 2018ರಾಗ ತಿರುಗಿ ಬಳ್ಳಾರಿ. 2021ರಾಗ ವಿಜಯನಗರ ಜಿಲ್ಲಾ. ನಮ್ಮ ಮನಿ ತಲಬಾಗಿಲು ಒಂದು ಗೇಣೂ ಸರಿದಿಲ್ಲ. 97ರಾಗ ಹೊಸ ಸೀಲು ಬರೋತನಕ ನಾನು ಹಳೇ ರಬ್ಬರ್ ಸೀಲಿನ ಕೆಳಗಿನ ಸಾಲನ್ನ ಬ್ಲೇಡಿನಿಂದ ಕೆತ್ತಿ ತೆಗೆದೆ. ಹಿಂಗಾಗಿ ಹದಿನೈದು ದಿನ ನಮ್ಮ ಕಾಗದಕ್ಕ ತಾಲೂಕು ಇತ್ತು, ಜಿಲ್ಲಾ ಇರಲಿಲ್ಲ. ಕೆತ್ತುವಾಗ ‘ಬ’ ಅಕ್ಷರದ ಒಂದು ಅಂಚು ಪೂರ್ತಿ ಹೋಗಲಿಲ್ಲ, ಪ್ರತಿ ಸೀಲಿನ ಕೆಳಗ ಒಂದು ಸಣ್ಣ ಗೆರಿ ಬೀಳ್ತಿತ್ತು. ಈಗಲೂ ಯಾವುದಾದ್ರೂ ಹಳೇ ನಕಲಿನಾಗ ಆ ಗೆರಿ ಕಂಡ್ರ ನನ್ನ ಕೈ ಕೆಲಸ ಅಂತ ಗುರ್ತು ಹಿಡೀತೀನಿ.

ಗವಿಮಠದ ಹುಡುಗ, ಕೊಪ್ಪಳ:

ಶಿರಸ್ತೇದಾರ್ ಸಾರ್, ಚೆನ್ನಾಗಿ ಹೇಳಿದ್ರಿ, ಆದ್ರೆ ಒಂದು ತಕರಾರು. ನಾವೂ 1997ರಲ್ಲೇ ರಾಯಚೂರು ಬಿಟ್ಟು ಬೇರೆ ಜಿಲ್ಲೆ ಆದ್ವಿ. ನಮ್ಮ ಓಣಿಯಲ್ಲಿ ಯಾರೂ ಅತ್ತಿದ್ದು ನಾನು ಕೇಳಿಲ್ಲ, ಪೇಡೆ ಹಂಚಿದ್ದು ಕೇಳೀನಿ. ಕಸದ ಗಾಡಿ ಬರೋದು ಓಲ್ಡ್‌ಹ್ಯಾಮಿಂದ ಅಂದ್ಮೇಲೆ ಯಾರ್ಕ್‌ಷೈರ್ ಅಂತ ಹಟ ಯಾಕೆ?

ನಾನು ಎರಡು ವರ್ಷ ಗುಡ್ಡದ ಆಚೆ, ಯಾರ್ಕ್‌ಷೈರಿನ ಹಡರ್ಸ್‌ಫೀಲ್ಡಿನಲ್ಲಿ ಓದಿದವನು. ಮ್ಯಾಂಚೆಸ್ಟರ್ ರೈಲು ಮಾರ್ಸ್‌ಡನ್ ದಾಟಿದ ಕೂಡಲೇ ಸ್ಟ್ಯಾಂಡೆಜ್ ಸುರಂಗಕ್ಕೆ ನುಗ್ತದೆ, ಮೊಬೈಲ್ ಸಿಗ್ನಲ್ ಸತ್ತು ಕಿವಿ ಗುಂಯ್ ಅಂತದೆ, ಐದು ಕಿಲೋಮೀಟರ್ ಕತ್ತಲು. ಈಚೆ ಡಿಗಲ್ ಹತ್ರ ಹೊರಗೆ ಬಂದ್ರೆ ಅದೇ ಸ್ಯಾಡಲ್‌ವರ್ತ್. ಆ ಗುಡ್ಡದಡಿ ದೋಣಿ ಹೋಗೋ ಕಾಲುವೆಗೂ ಬೇರೆ ಸುರಂಗ ಇದೆ, 1811ರಲ್ಲಿ ತೆರೆದದ್ದು. ಇಷ್ಟು ದೊಡ್ಡ ಗುಡ್ಡ ಅಡ್ಡ ಇದ್ದಾಗ ಪಕ್ಕದ ಓಲ್ಡ್‌ಹ್ಯಾಮಿಗೆ ಸೇರಿಸಿದ್ದರಲ್ಲಿ ತಪ್ಪೇನು?

ಗಡಿಯಾಚೆ, ರಾಯದುರ್ಗ:

ತಮ್ಮಾ, ನಿಮ್ಮನ್ನ ಹೊಸ ಮನೆ ಕಟ್ಟಿಸಿ ಒಕ್ಕಲು ಮಾಡಿದ್ರು, ಪೇಡೆ ಹಂಚಿದ್ರಿ. ನಮ್ಮನ್ನ ಕೇಳು. 1953ರ ಅಕ್ಟೋಬರ್ 1ಕ್ಕೆ ಬಳ್ಳಾರಿ ಮೈಸೂರಿಗೆ ಬಂತು. ಆದೋನಿ, ಆಲೂರು, ರಾಯದುರ್ಗ ಮೂರೂ ತಾಲೂಕು ಆಂಧ್ರಕ್ಕೆ ಹೋದವು. ನಮ್ಮಜ್ಜಿ ಸಾಯೋತನಕ ‘ಜಿಲ್ಲೆಗೆ ಹೋಗಿ ಬರ್ತೀನಿ’ ಅಂದ್ರೆ ಬಳ್ಳಾರಿ ಅಂತಲೇ ಅರ್ಥ. ಹೊಸ ಜಿಲ್ಲೆ ಅನಂತಪುರಕ್ಕೆ ಹೋದ್ರೆ ‘ಊರಿಗೆ ಹೋಗಿದ್ದೆ’ ಅಂತಿದ್ಲು.

ಹಳೇ ಶಿರಸ್ತೇದಾರ, ಹರಪನಹಳ್ಳಿ:

ಕೊಪ್ಪಳದ ತಮ್ಮಾ, ತಪ್ಪು ಅಂತ ನಾನೆಲ್ಲಿ ಅಂದೆ? ಹೊಳಿ ಲೆಕ್ಕದಾಗ ಸರಿನ ಐತಿ. ಆದ್ರ ಯಾರ್ಕ್‌ಷೈರ್ ಅನ್ನೋದು ಬರೀ ಕಂದಾಯದ ಹೆಸರಲ್ಲೋ. ಅವರ ಕ್ರಿಕೆಟ್ ಕ್ಲಬ್ ನೋಡು, ಹಳೇ ಕೌಂಟಿ ಗಡಿಯೊಳಗ ಹುಟ್ಟಿದವರನ್ನ ಬಿಟ್ಟು ಬೇರೆಯವರನ್ನ ಆಡಸೋದಿಲ್ಲ ಅಂತ ಕಟ್ಟು ಹಾಕಿಕೊಂಡು ಕುಂತಿತ್ತು. ಅದನ್ನ ಸಡಿಲ ಮಾಡಿ 1992ರಾಗ ಕರೆಸಿದ ಮೊದಲ ಪರದೇಶದ ಆಟಗಾರ ಯಾರು ಗೊತ್ತೇನು? ನಮ್ಮ ಸಚಿನ್ ತೆಂಡೂಲ್ಕರ್. ಇನ್ನು 1975ರಿಂದ ಆಗಸ್ಟ್ 1ಕ್ಕ ಯಾರ್ಕ್‌ಷೈರ್ ದಿನ ಅಂತ ಮಾಡ್ತಾರ. 74ರಾಗ ಗಡಿ ಒಡೆದ್ರು, 75ರಾಗ ಹಬ್ಬ ಶುರು. ಯಾರ್ಕ್‌ಷೈರಿನ ಬಿಳಿ ಗುಲಾಬಿ ಬಾವುಟ ಸ್ಯಾಡಲ್‌ವರ್ತಿನಾಗೂ ಹಾರತೈತಿ. ಅಕ್ಕಾರ, ಅಜ್ಜಿ ಮನ್ಯಾಗ ಒಂದು ಇದ್ರೂ ಇರಬಹುದು, ಕೇಳಿ ನೋಡ್ರಿ.

ಕೌಲ್‌ಬಜಾರ್ ಅಕ್ಕ, ಬಳ್ಳಾರಿ:

ಬಾವುಟ ಇದೆಯಂತೆ ಸಾರ್, ಇಸ್ತ್ರಿ ಮಾಡಿ ಇಟ್ಟಿದ್ದಾಳಂತೆ! ನಿಮ್ಮ ಸೀಲಿನ ಕಥೆ ಮಗಳು ಇಂಗ್ಲಿಷಲ್ಲಿ ಹೇಳಿದ್ದಕ್ಕೆ, ಆ ಮನುಷ್ಯ ಬ್ಲೇಡು ಹಿಡಿದಾಗ ಅವನ ಕೈ ನಡುಗಲಿಲ್ವಾ ಅಂತ ಅಜ್ಜಿ ಕೇಳಿದಳಂತೆ. ನೀವೇ ಉತ್ತರ ಕೊಡಿ.

ಚಟ್ನಿಪುಡಿ ಇವತ್ತು ಕಳಿಸಿದೆ. ಕೊರಿಯರ್ ಹುಡುಗ ಅಲ್ಲಿಯ ಪೋಸ್ಟ್‌ಕೋಡ್ ಒತ್ತಿದ ಕೂಡಲೇ ಕಂಪ್ಯೂಟರ್ ತಾನೇ ‘ಗ್ರೇಟರ್ ಮ್ಯಾಂಚೆಸ್ಟರ್’ ಅಂತ ತುಂಬಿಕೊಳ್ತು. ತೆಗೆಯಪ್ಪ ಅಂದ್ರೆ ಬರಲ್ಲ ಆಂಟಿ ಅಂದ. ಅವನ ಸ್ಕೆಚ್ ಪೆನ್ನೇ ಇಸ್ಕೊಂಡು ಡಬ್ಬಿಯ ಇನ್ನೊಂದು ಮಗ್ಗುಲಿಗೆ ದಪ್ಪಕ್ಷರದಲ್ಲಿ ‘ಯಾರ್ಕ್‌ಷೈರ್’ ಅಂತ ಕನ್ನಡದಲ್ಲಿ ಬರೆದು ಕಳಿಸಿದ್ದೀನಿ.